ಬಾಗಿಲ ತುಂಬ ನಿಂತವಳು

ಅವಳನ್ನು ಮನೆಯಲ್ಲೂ ಹೊರಗೂ ಎಲ್ಲರೂ ರೇಡಿಯೋ ಎಂದೇ ಕರೆಯುತ್ತಿದ್ದರು. ಮಾತು ಕಲಿತ ದಿನದಿಂದ ಬಾಯಿ ಮುಚ್ಚಿ ಕೂತವಳಲ್ಲ. ಶಾಲೆಯಲ್ಲಿ ಮೂರು ಸಲ ಜಾಗ ಬದಲಾಯಿಸಿ ಕೂರಿಸಿದರು. ಮೂರು ಕಡೆಯೂ ಅಕ್ಕಪಕ್ಕದವರು ಅವಳ ಮಾತಿಗೆ ಮರುಳಾಗಿ ಪಾಠ ಕೆಡಿಸಿಕೊಂಡರು. ಇಂಥವಳಿಗೆ ಸಿಕ್ಕ ಕೆಲಸವನ್ನಾದರೂ ನೋಡಿ: ಬೇರೆಯವರು ಸುಮ್ಮನಿದ್ದಾಗ ಮಾತ್ರ, ಅದೂ ಎರಡೋ ಮೂರೋ ಸೆಕೆಂಡು, ಬಾಯಿ ಬಿಡುವ ಕೆಲಸ.

ಕಣ್ಣು ಕಾಣದವರು ಸಿನಿಮಾಕ್ಕೆ ಹೋದರೆ ಮಾತು ಕೇಳಿಸುತ್ತದೆ, ಹಾಡು ಕೇಳಿಸುತ್ತದೆ, ಗುಂಡು ಹಾರಿದ್ದೂ ಕೇಳಿಸುತ್ತದೆ. ಹಾರಿಸಿದವರು ಯಾರು, ಬಿದ್ದವರು ಯಾರು ಎಂಬುದು ಮಾತ್ರ ಗೊತ್ತಾಗುವುದಿಲ್ಲ. ಒಂದು ಕಿವಿಗೆ ಸಿಕ್ಕಿಸಿದ ಇಯರ್‌ಫೋನಿನಲ್ಲಿ ಅದನ್ನು ಹೇಳುವವರೇ ವಿವರಣೆಗಾರರು. ಪಾತ್ರಗಳು ಮಾತು ನಿಲ್ಲಿಸಿದ ಸಂದಿಯಲ್ಲಿ ನುಗ್ಗಿ, ಕಂಡದ್ದನ್ನು ಹೇಳಿ, ಮುಂದಿನ ಮಾತು ಶುರುವಾಗುವುದರೊಳಗೆ ಹೊರಗೆ ಬಂದುಬಿಡಬೇಕು. ಕಿವಿಗೆ ತಾನಾಗಿ ಕೇಳಿಸಿದ್ದನ್ನು ಮತ್ತೆ ಹೇಳಕೂಡದು, ಮುಂದೆ ಆಗುವುದನ್ನು ಈಗಲೇ ಬಾಯಿಬಿಡಕೂಡದು, ಪಾತ್ರದ ಮಾತಿನ ಮೇಲೆ ಮಾತಾಡಲಂತೂ ಕೂಡದು. ಈ ಕೊನೆಯದನ್ನು ಕಲಿಯಲು ರೇಡಿಯೋಗೆ ಒಂದು ವರ್ಷ ಹಿಡಿಯಿತು.

ಸ್ಟುಡಿಯೋ ಇದ್ದದ್ದು ಚಪ್ಪಲಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ. ಎರಡು ಕೋಣೆ, ಒಂದರ ಗೋಡೆಗೆಲ್ಲ ಹಳೆಯ ಕಂಬಳಿ ಹೊಡೆದಿದ್ದರು, ಇನ್ನೊಂದರಲ್ಲಿ ಯಜಮಾನರು ಕೂರುತ್ತಿದ್ದರು. ಅಲ್ಲಿ ರೇಡಿಯೋ ಎರಡು ವರ್ಷ ಮಕ್ಕಳ ಕಾರ್ಟೂನಿಗೆ ವಿವರಣೆ ಹೇಳಿದಳು. ಮೊಲ ಓಡುತ್ತದೆ. ಮೊಲ ಬೀಳುತ್ತದೆ. ಮೊಲ ಮತ್ತೆ ಓಡುತ್ತದೆ. ಕೊಲೆ, ಸುಲಿಗೆ, ಪೊಲೀಸು ಇರುವ ಸಿನಿಮಾಗಳೆಲ್ಲ ನೇರವಾಗಿ ಘನದನಿಯ ಪಾಲಿಗೆ ಹೋಗುತ್ತಿದ್ದವು. ಘನದನಿ ಎಂದರೆ ಅಲ್ಲಿನ ಹಿರಿಯ ವಿವರಣೆಗಾರ. ಬಾವಿಯ ತಳದಿಂದ ಮಾತಾಡಿದಂತಿರುವ ಅವನ ದನಿಗೆ ಆ ಹೆಸರು. ಕೊಲೆ ಎಂದ ಮೇಲೆ ಗಂಡು ದನಿಯೇ ಇರಬೇಕು, ಹೆಣ್ಣು ದನಿಯಲ್ಲಿ ಹೆಣ ಬಿದ್ದರೆ ಯಾರಿಗೂ ಹೆದರಿಕೆಯಾಗುವುದಿಲ್ಲ ಎಂಬುದು ಯಜಮಾನರ ಸಿದ್ಧಾಂತ. ಎಷ್ಟು ಹೆಂಗಸರ ದನಿಯಲ್ಲಿ ಹೆಣ ಬೀಳಿಸಿ ನೋಡಿ ಈ ಸಿದ್ಧಾಂತಕ್ಕೆ ಬಂದರು ಎಂದು ಕೇಳಿದರೆ, ಒಬ್ಬರ ದನಿಯಲ್ಲೂ ಇಲ್ಲ.

ಅಷ್ಟರಲ್ಲಿ ಘನದನಿಯ ಗಂಟಲು ಕಟ್ಟಿತು. ಮೂರು ವಾರ ಒಂದಕ್ಷರ ಆಡಬಾರದೆಂದು ವೈದ್ಯರು ಕಟ್ಟಪ್ಪಣೆ ಮಾಡಿದರು. ಅವನು ಕೊರಳಿಗೊಂದು ಸ್ಲೇಟು ನೇತುಹಾಕಿಕೊಂಡು ಓಡಾಡತೊಡಗಿದ. ಸರಿಯಾಗಿ ಆ ವಾರವೇ ಆ ಸಿನಿಮಾ ಬಂತು. ಸರಣಿ ಕೊಲೆ, ಅದನ್ನು ಬೆನ್ನಟ್ಟುವ ಮಹಿಳಾ ಇನ್ಸ್‌ಪೆಕ್ಟರ್. ಪೇಪರಿನವರೆಲ್ಲ ಕೊಂಡಾಡಿದ್ದರು: ಇಂಥ ನಾಯಕಿಯನ್ನು ತೆರೆಯ ಮೇಲೆ ಹಿಂದೆಂದೂ ಕಂಡಿಲ್ಲ, ಬೀದಿಯಲ್ಲಿ ಕಾಣುವ ಎಲ್ಲ ಬಗೆಯ ಜನರೂ ಇಲ್ಲಿದ್ದಾರೆ ಎಂದು. ಅಂಧರ ಸಂಘದವರು ಮುಂದಿನ ವಾರದ ಶನಿವಾರ ಬೆಳಗ್ಗೆ ಹನ್ನೊಂದಕ್ಕೆ ತಮ್ಮ ಸಭಾಂಗಣದಲ್ಲಿ ಅದನ್ನು ಹಾಕುವುದೆಂದು ಗೊತ್ತುಮಾಡಿದ್ದರು. ವಿವರಣೆಯನ್ನು ಅಲ್ಲೇ ಕೂತು ನೇರವಾಗಿ ಹೇಳಬೇಕು.

ರೇಡಿಯೋ ಯಜಮಾನರ ಕೋಣೆಗೆ ಹೋಗಿ ಅರ್ಧ ಗಂಟೆ ಉಸಿರು ಬಿಡದೆ ಮಾತಾಡಿದಳು. ಕೊನೆಗೆ ಅವರು ಸುಸ್ತಾಗಿ ಒಪ್ಪಿದರು. ಆದರೆ ಒಂದು ಷರತ್ತು: ಅದರ ಹಿಂದಿನ ದಿನ, ಶುಕ್ರವಾರದೊಳಗೆ ಆಪರೇಟರಮ್ಮ ಹೂಂ ಅನ್ನಬೇಕು. ಅನ್ನದಿದ್ದರೆ ಘನದನಿ ಹಿಂದೆ ಮಾಡಿದ ಯಾವುದಾದರೂ ಹಳೆಯ ಸಿನಿಮಾ ಹಾಕುವುದು, ರೇಡಿಯೋ ಮೊಲದ ಹತ್ತಿರ ವಾಪಸು ಹೋಗುವುದು. ಮತ್ತೆ ಈ ಮಾತು ಎತ್ತಕೂಡದು.

ಆಪರೇಟರಮ್ಮ ಟೆಲಿಫೋನ್ ಕಚೇರಿಯಲ್ಲಿ ಮೂವತ್ತು ವರ್ಷ ಕರೆ ಜೋಡಿಸಿ ನಿವೃತ್ತರಾದವರು. ಹುಟ್ಟಿದಾಗಿನಿಂದ ಕಣ್ಣಿಲ್ಲ. ಆ ಕಡೆಯವರು ಹಲೋ ಎನ್ನುವ ಮೊದಲು ಎಳೆದುಕೊಳ್ಳುವ ಉಸಿರಿನಲ್ಲೇ ಅವರು ಸಾಲ ಕೇಳಲು ಹೊರಟವರೋ ಸುಳ್ಳು ಹೇಳಲು ಹೊರಟವರೋ ಎಂದು ಗುರುತಿಸುತ್ತಿದ್ದರಂತೆ. ಈಗ ಸ್ಟುಡಿಯೋದಲ್ಲಿ ತಯಾರಾದ ಪ್ರತಿ ವಿವರಣೆಯನ್ನೂ ಮೊದಲು ಕೇಳಿ ಒಪ್ಪುವುದೋ ಬಿಡುವುದೋ ಹೇಳುವುದು ಅವರ ಕೆಲಸ. ಕೊಲೆ ಸಿನಿಮಾ ಎಂದರೆ ಪ್ರಾಣ. ಸೋಮವಾರ ಬೆಳಗ್ಗೆ ಬಂದು, ಕುರ್ಚಿಯ ಎರಡು ಕೈಗಳನ್ನೂ ಮುಟ್ಟಿ ನೋಡಿ, ಮೈಯನ್ನು ಹುಷಾರಾಗಿ ಅದರೊಳಗಿಟ್ಟು, ಇಯರ್‌ಫೋನ್ ಸಿಕ್ಕಿಸಿಕೊಂಡರು. ಶಬ್ದದ ಗುಬುಟುಗಳನ್ನು ತಿರುಗಿಸುವ ಸೌಂಡಣ್ಣ ಸಿನಿಮಾ ಹಚ್ಚಿದ, ರೇಡಿಯೋ ಮೈಕಿನ ಮುಂದೆ ಕೂತು ವಿವರಣೆ ಶುರುಮಾಡಿದಳು.

ಹದಿನೆಂಟನೇ ನಿಮಿಷಕ್ಕೆ ಆಪರೇಟರಮ್ಮ ಕೈ ಎತ್ತಿದರು.

"ಇವನೇ," ಎಂದರು.

ಯಾರು ಎಂದು ರೇಡಿಯೋ ಕೇಳಿದಳು.

"ಈಗ ಬಂದ ವಕೀಲ. ಇವನೇ ಕೊಂದಿದ್ದು."

ರೇಡಿಯೋ ತಬ್ಬಿಬ್ಬಾದಳು. ಕೊಂದವನು ವಕೀಲನೇ, ಆದರೆ ಅದು ಹೊರಬೀಳುವುದು ಇನ್ನೂ ಒಂದೂವರೆ ಗಂಟೆಯ ಮೇಲೆ. ಹೇಗೆ ಗೊತ್ತಾಯಿತು ಎಂದರೆ ಆಪರೇಟರಮ್ಮ ನಕ್ಕರು. "ಬೆಳ್ಳಿ ಗುಂಡಿಯ ಅಂಗಿ, ನುಣ್ಣಗೆ ಬಾಚಿದ ತಲೆ, ಎಡಗೈಯಲ್ಲಿ ಮಡಿಸಿದ ಕರವಸ್ತ್ರ ಅಂತ ಒಂದೇ ಉಸಿರಲ್ಲಿ ಹೇಳಿದೆ. ಇಷ್ಟು ಹೊತ್ತು ಬಂದುಹೋದೋರಲ್ಲಿ ಇನ್ಯಾರಿಗೂ ನೀನು ಅಂಗೀನೇ ತೊಡಿಸಿಲ್ಲ."

ಸೌಂಡಣ್ಣ ಗುಬುಟಿನ ಮೇಲೆ ತಲೆಯಿಟ್ಟು ನಕ್ಕ. ನಿಜವೇ ಆಗಿತ್ತು. ಸಿನಿಮಾವನ್ನು ಒಂಬತ್ತು ಸಲ ನೋಡಿದ್ದ ರೇಡಿಯೋಗೆ ಕೊಲೆಗಾರ ಗೊತ್ತಿದ್ದ. ಅವನು ಬಂದಾಗಲೆಲ್ಲ ಅವಳ ಕಣ್ಣು ತಾನಾಗಿ ಅವನ ಮೇಲೆ ಹೋಗುತ್ತಿತ್ತು, ಕಣ್ಣು ಹೋದಲ್ಲಿ ಬಾಯಿಯೂ ಹೋಗುತ್ತಿತ್ತು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಬರೆದುಕೊಂಡಳು: ವಕೀಲನ ಅಂಗಿ ತೆಗೆಯಬೇಕು.

ಸಿನಿಮಾ ಮುಂದುವರಿಯಿತು. ನಲವತ್ತನೇ ನಿಮಿಷದ ಹೊತ್ತಿಗೆ ಆಪರೇಟರಮ್ಮ ಆ ಟೀ ಗಾಡಿಯವನ ಮೇಲೂ ತಮಗೆ ಗುಮಾನಿ ಇದೆ ಎಂದರು. ಟೀ ಗಾಡಿ? ಹೌದು, ಠಾಣೆಯಲ್ಲಿ ಯಾವಾಗಲೂ ಗಾಲಿ ಉರುಳಿಸಿಕೊಂಡು ಬರುತ್ತಾನಲ್ಲ, ಒಬ್ಬರಿಗೂ ಒಂದು ಲೋಟ ಕೊಟ್ಟ ಸದ್ದಿಲ್ಲ. ರೇಡಿಯೋ ತಲೆಯ ಮೇಲೆ ಕೈಹೊತ್ತಳು. ಅದು ಟೀ ಗಾಡಿಯಲ್ಲ, ಗಾಲಿಕುರ್ಚಿ. ಕಡತಗಳ ಕೋಣೆಯ ಅಧಿಕಾರಿ ಅದರಲ್ಲಿ ಓಡಾಡುತ್ತಾನೆ. ಗಾಲಿಯ ಸದ್ದು ಕೇಳಿಸುತ್ತದಲ್ಲ, ಮತ್ತೆ ಹೇಳುವುದೇಕೆ ಎಂದು ಬಿಟ್ಟಿದ್ದಳು. ಮೂರನೇ ಕೊಲೆಯ ಸುಳಿವು ಹಿಡಿದುಕೊಟ್ಟದ್ದೇ ಅವನು. ಪಾಪ, ಟೀ ಮಾರಿಕೊಂಡು ಉಳಿದಿದ್ದ.

ಆಮೇಲೆ ಕೊನೆಯ ಘಟ್ಟ ಬಂತು. ವಕೀಲನ ಗುಟ್ಟು ಬಯಲಾಗಿದೆ. ಉದ್ದನೆಯ ಹಾದಿಯಲ್ಲಿ ಓಡುತ್ತಾನೆ, ಓಡುವುದು ಕೇಳಿಸುತ್ತದೆ. ಬಾಗಿಲು ತೆರೆಯುತ್ತದೆ. ಭಾರದ ಬೂಟಿನ ಸದ್ದು ಬಂದು ನಿಲ್ಲುತ್ತದೆ. ಇನ್ಸ್‌ಪೆಕ್ಟರ್ ಬಾಗಿಲಲ್ಲಿ ನಿಂತಿದ್ದಾಳೆ ಎಂದು ರೇಡಿಯೋ ದನಿ. ಧಡ್ ಎಂದು ಸದ್ದು, ವಕೀಲನ ನರಳಾಟ, ಬೇಡಿಯ ಕ್ಲಿಕ್. ಆಪರೇಟರಮ್ಮ ಮತ್ತೆ ಕೈ ಎತ್ತಿದರು.

"ಬಾಗಿಲು ತೆರೆದೇ ಇದೆಯಲ್ಲ. ಓಡಿಹೋಗೋಕೇನು ಧಾಡಿ ಅವನಿಗೆ?"

"ಇನ್ಸ್‌ಪೆಕ್ಟರ್ ನಿಂತಿದ್ದಾಳಲ್ಲ ಅಮ್ಮ."

"ನಿಂತ್ರೇನು? ಪಕ್ಕದಲ್ಲಿ ನುಸುಳ್ಕೊಂಡು ಹೋಗಬಹುದು."

"ಜಾಗ ಇಲ್ಲ."

"ಯಾಕಿಲ್ಲ?"

ರೇಡಿಯೋ ಜೀವನದಲ್ಲಿ ಮೊದಲ ಸಲ ಮಾತಿಗೆ ತಡಕಾಡಿದಳು. ಸೌಂಡಣ್ಣ ದಿನಕ್ಕೆ ಹತ್ತು ಮಾತಾಡುವವನು. ಅಂದಿನ ಹತ್ತನ್ನೂ ಒಟ್ಟಿಗೇ ಖರ್ಚು ಮಾಡಿದ. ಆಕೆ ದಪ್ಪಗಿದ್ದಾಳೆ, ಬಾಗಿಲ ತುಂಬ ಇದ್ದಾಳೆ, ಐವತ್ತರ ಮೇಲಾಗಿದೆ, ಪೇಪರಿನವರು ಬರೆದದ್ದೂ ಅದನ್ನೇ ಎಂದ. ಆಪರೇಟರಮ್ಮ ಬಣ್ಣ ಯಾವುದು ಎಂದು ಕೇಳಿದರು. ಕಪ್ಪು ಎಂದು ರೇಡಿಯೋ ಮೆಲ್ಲಗೆ ಹೇಳಿದಳು.

"ಹಾಗಾದ್ರೆ ಎರಡು ಗಂಟೆ ನನ್ನ ತಲೆಯೊಳಗೆ ಓಡಾಡಿದೋಳು ಯಾರು?"

ಯಾರೆಂದರೆ ಪ್ರತಿ ಸಿನಿಮಾದಲ್ಲೂ ಬರುವವಳೇ, ಎಂದು ಅವರೇ ಹೇಳಿದರು. ಯಾರೂ ಏನೂ ಹೇಳದಿದ್ದರೆ ಅವಳೇ ಬಂದು ಕೂರುತ್ತಾಳೆ. ಬಳುಕುವ ಮೈ, ಹಾರುವ ಕೂದಲು, ಇಪ್ಪತ್ತೈದರ ವಯಸ್ಸು, ಹಾಲಿನಂಥ ಬಣ್ಣ. ಚಿಕ್ಕಂದಿನಿಂದ ಕಥೆ ಹೇಳಿದವರೆಲ್ಲ ಹೇಳಿ ಹೇಳಿ ಕೂರಿಸಿದ ಹುಡುಗಿ, ಎಬ್ಬಿಸಿದರೂ ಏಳುವುದಿಲ್ಲ. ಈ ಸಿನಿಮಾ ಪೂರ್ತಿ ಅವಳೇ ಟೋಪಿ ಹಾಕಿಕೊಂಡು ಕಳ್ಳನನ್ನು ಹಿಡಿದಳು.

ಹೇಳಿದರೆ ಮನಸ್ಸಿಗೆ ನೋವಾಗುತ್ತದೆ ಎಂದು ಬಿಟ್ಟೆ ಎಂದಳು ರೇಡಿಯೋ. ಯಾರ ಮನಸ್ಸಿಗೆ ಎಂದರು ಆಪರೇಟರಮ್ಮ. ಉತ್ತರ ಎದುರಿಗೇ ಕುರ್ಚಿಯ ತುಂಬ ಕೂತಿತ್ತು. ಆಪರೇಟರಮ್ಮ ದಪ್ಪಗಿದ್ದರು, ಕಪ್ಪಗಿದ್ದರು, ಅರವತ್ತು ದಾಟಿದ್ದರು. ಕುರ್ಚಿಯ ಕೈಗಳನ್ನು ಒತ್ತಿ ಎದ್ದು, ಕೋಲು ಹಿಡಿದು, ಹೂಂ ಅನ್ನದೆ ಹೊರಟುಹೋದರು.

ರೇಡಿಯೋಗೆ ಆ ದಿನ ಊಟ ರುಚಿಸಲಿಲ್ಲ. ಆದರೆ ಅವಳು ಕೈಕಟ್ಟಿ ಕೂರುವ ಜಾತಿಯವಳಲ್ಲ. ಮಂಗಳವಾರವೆಲ್ಲ ಕೂತು ಹೊಸದಾಗಿ ಬರೆದಳು. ಇನ್ಸ್‌ಪೆಕ್ಟರ್ ಬಂದ ಕೂಡಲೇ ಕಪ್ಪು ಬಣ್ಣದ, ದಪ್ಪ ಮೈಯ ಇನ್ಸ್‌ಪೆಕ್ಟರ್ ಎಂದು ಸೇರಿಸಿದಳು. ಕಡತದವನಿಗೆ ಗಾಲಿಕುರ್ಚಿ ಕೊಟ್ಟಳು. ಕೆನ್ನೆಯ ಮೇಲೆ ಸುಟ್ಟ ಕಲೆ ಇದ್ದ ಒಬ್ಬಳು ಪೇದೆಯಿದ್ದಳು, ಅವಳ ಕಲೆಯನ್ನೂ ಹೇಳಿದಳು. ಬುಧವಾರ ಎದೆಯುಬ್ಬಿಸಿಕೊಂಡು ಸ್ಟುಡಿಯೋಗೆ ಹೋದಳು.

ಆಪರೇಟರಮ್ಮ ಹತ್ತು ನಿಮಿಷ ಕೇಳಿ ನಿಲ್ಲಿಸಿದರು. ಇನ್ಸ್‌ಪೆಕ್ಟರ್ ಕಪ್ಪು ಎಂದು ಗೊತ್ತಾಯಿತು, ಅವಳ ಮೇಲಿನ ಕಮಿಷನರ್ ಯಾವ ಬಣ್ಣ ಎಂದು ಕೇಳಿದರು.

"ಅವರು... ಮಾಮೂಲಿ," ಎಂದಳು ರೇಡಿಯೋ.

"ಮಾಮೂಲಿ ಅಂದ್ರೆ ಯಾವ ಬಣ್ಣ?"

ಇನ್ಸ್‌ಪೆಕ್ಟರಳ ಗಂಡ ದಪ್ಪಗಿದ್ದಾನೋ ಸಣ್ಣಗಿದ್ದಾನೋ ಎಂದು ಮುಂದಿನ ಪ್ರಶ್ನೆ. ಅವನೂ ಮಾಮೂಲಿ. ಕೊಲೆಯಾದ ಹುಡುಗಿಯ ಅಣ್ಣ? ಮಾಮೂಲಿ. ಮಾಮೂಲಿಗಳ ಸಾಲು ಬೆಳೆಯುತ್ತ ಹೋಯಿತು, ರೇಡಿಯೋ ದನಿ ಸಣ್ಣಗಾಗುತ್ತ ಹೋಯಿತು. ಆಪರೇಟರಮ್ಮ ಬೈಯಲಿಲ್ಲ. ತಮ್ಮ ಚಿಕ್ಕಂದಿನ ಮಾತು ಹೇಳಿದರು. ಮನೆಗೆ ನೆಂಟರು ಬಂದಾಗ ಅಕ್ಕನ ಜಾಣತನದ ಮಾತಾಗುತ್ತಿತ್ತು, ಅಣ್ಣನ ಓದಿನ ಮಾತಾಗುತ್ತಿತ್ತು. ತಮ್ಮ ಸರದಿ ಬಂದಾಗ ಮಾತ್ರ ಚಿಕ್ಕಮ್ಮನ ದನಿ ಇಳಿಯುತ್ತಿತ್ತು, ಇಳಿದ ದನಿಯಲ್ಲಿ ಬರುತ್ತಿದ್ದ ಮಾತುಗಳು ಎರಡೇ.

"ನಾನು ಬಣ್ಣ ನೋಡಿಲ್ಲ ಮಗಳೇ. ಆದ್ರೆ ಆ ಮಾತು ಬಂದಾಗ ಜನರ ದನಿ ಹೇಗೆ ಇಳಿಯುತ್ತೆ ಅಂತ ಅರವತ್ತು ವರ್ಷದಿಂದ ಕೇಳಿದ್ದೀನಿ. ಈಗ ನಿಂದೂ ಇಳೀತು."

ಸೌಂಡಣ್ಣ ರೆಕಾರ್ಡು ಮಾಡಿಕೊಂಡಿದ್ದ ತನ್ನದೇ ದನಿಯನ್ನು ರೇಡಿಯೋ ಮತ್ತೆ ಹಾಕಿಸಿ ಕೇಳಿದಳು. ಇನ್ಸ್‌ಪೆಕ್ಟರ್ ಎಂಬ ಮಾತು ನೆಟ್ಟಗೆ ನಿಂತಿತ್ತು. ಕಪ್ಪು, ದಪ್ಪ ಎಂಬ ಎರಡು ಮಾತುಗಳಿಗೆ ಬಂದಾಗ ಆಸ್ಪತ್ರೆಯ ವರಾಂಡದಲ್ಲಿ ಕಾಯಿಲೆಯ ಹೆಸರು ಹೇಳಿದಂತೆ ದನಿ ಪಿಸುಗುಟ್ಟಿತ್ತು. ತನಗೇ ತಿಳಿಯದೆ ಆದದ್ದು. ಅವಳಿಗೆ ನೆಲ ಬಾಯ್ಬಿಡಬಾರದೇ ಎನ್ನಿಸಿತು.

ಅಷ್ಟು ಹೊತ್ತೂ ಮೂಲೆಯಲ್ಲಿ ಕೂತಿದ್ದ ಘನದನಿ ಎದ್ದು ಬಂದು ಸ್ಲೇಟಿನ ಮೇಲೆ ಏನೋ ಬರೆದು ಸೌಂಡಣ್ಣನ ಮುಂದೆ ಹಿಡಿದ. ನನ್ನ ಸಿನಿಮಾಗಳಲ್ಲೂ ಹೀಗೇ ಆಗಿದೆಯೇ ಎಂದು ಕೇಳುತ್ತಿದ್ದಾನೆ ಎಂದು ಸೌಂಡಣ್ಣ ಓದಿ ಹೇಳಿದ. ಹನ್ನೊಂದು ವರ್ಷದಿಂದ, ಎಂದರು ಆಪರೇಟರಮ್ಮ. ಘನದನಿ ಸ್ಲೇಟು ಒರೆಸಿಕೊಂಡು ಹೋಗಿ ಮತ್ತೆ ಮೂಲೆಯಲ್ಲಿ ಕೂತ. ಯಜಮಾನರು ಆಗಲೇ ಹಳೆಯ ಸಿನಿಮಾಗಳ ಪಟ್ಟಿ ತೆಗೆದು ಕನ್ನಡಕ ಏರಿಸಿದ್ದರು. ಇನ್ನೆರಡು ದಿನ ಇದೆಯಲ್ಲ ಎಂದು ಹೇಳಿ ರೇಡಿಯೋ ಮೆಟ್ಟಿಲಿಳಿದಳು.

ಅವಳ ಅತ್ತೆ ಹೊಲಿಗೆಯವರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಬಳಿ ಯಂತ್ರ, ಗೋಡೆಗೆ ನಿಲುಗನ್ನಡಿ, ಅತ್ತೆಯ ಕೊರಳಲ್ಲಿ ಸದಾ ಟೇಪು. ಮಾತಿನಲ್ಲಿ ಸೊಸೆಗೆ ಸರಿಸಾಟಿ ಎಂದರೆ ಅತ್ತೆಯೊಬ್ಬರೇ, ಇಬ್ಬರೂ ಒಟ್ಟಿಗೆ ಶುರುಮಾಡಿದರೆ ರೇಡಿಯೋ ಗಂಡ ಎದ್ದು ಅಂಗಳ ಗುಡಿಸಲು ಹೋಗುತ್ತಿದ್ದ. ಗುರುವಾರ ಬೆಳಗ್ಗೆ ಸೊಸೆ ಉಭ ಶುಭ ಎನ್ನದೆ ಮೂಲೆ ಹಿಡಿದು ಕೂತದ್ದು ಕಂಡು ಅತ್ತೆಗೆ ಗಾಬರಿಯಾಯಿತು. ಹಣೆ ಮುಟ್ಟಿ ನೋಡಿದರು, ಜ್ವರವಿರಲಿಲ್ಲ.

ಅಷ್ಟರಲ್ಲಿ ಗಿರಾಕಿಗಳು ಬಂದರು, ಅಕ್ಕತಂಗಿಯರು. ಅಕ್ಕ ತುಂಬಿದ ಮೈಯವಳು, ತಂಗಿ ಕಡ್ಡಿಯಂತಿದ್ದಳು. ಅತ್ತೆ ಅಕ್ಕನ ಅಳತೆ ತೆಗೆದು ಬರೆದುಕೊಂಡರು. ನಲವತ್ತಾರು, ನಲವತ್ತೆರಡು, ನಲವತ್ತೆಂಟು. ತಂಗಿ ತನಗೆ ಅಳತೆ ಬೇಡ, ತನ್ನದು ಎಲ್ಲರಂತೆ ಮಾಮೂಲಿ ಮೈ, ಅಂದಾಜಿನಲ್ಲಿ ಹೊಲಿದುಬಿಡಿ ಎಂದಳು. ಆ ಮಾತು ಕೇಳಿ ರೇಡಿಯೋ ಕಿವಿ ನೆಟ್ಟಗಾಯಿತು. ಅತ್ತೆ ಮಾತಿಗೆ ಮಾತು ಬೆಳೆಸದೆ ಅವಳ ಕೈ ಎತ್ತಿಸಿ ಟೇಪು ಸುತ್ತಿದರು. ಮೂವತ್ತೆರಡು, ಇಪ್ಪತ್ತಾರು, ಮೂವತ್ತನಾಲ್ಕು. ಅದೇ ಪುಸ್ತಕ, ಅದೇ ಪೆನ್ಸಿಲ್ಲು, ಅದೇ ದನಿ.

ಗಿರಾಕಿಗಳು ಹೋದ ಮೇಲೆ ರೇಡಿಯೋ ಕೇಳಿದಳು: ಅಂದಾಜಿನಲ್ಲಿ ಹೊಲಿದಿದ್ದರೆ ಏನಾಗುತ್ತಿತ್ತು?

"ಟೇಪು ಇಲ್ದೆ ಕತ್ತರಿ ಹಾಕಿದ್ರೆ ನನ್ನ ಕೈ ನಂಗೆ ಗೊತ್ತಿರೋ ಮೈಗೇ ಕತ್ತರಿಸುತ್ತೆ ಕಣೇ. ಅಂದ್ರೆ ನನ್ನ ಮೈಗೆ. ಆಮೇಲೆ ಬಟ್ಟೆ ಕೂರಲಿಲ್ಲ ಅಂತ ಗಿರಾಕಿ ಮೈ ಮೇಲೆ ತಪ್ಪು ಹಾಕ್ತೀವಿ."

ರೇಡಿಯೋ ಎದ್ದು ಅತ್ತೆಯ ಕೆನ್ನೆ ಹಿಂಡಿ ಒಳಗೆ ಓಡಿದಳು. ಸೊಸೆಗೆ ಮತ್ತೆ ಮಾತು ಬಂತೆಂದು ಅತ್ತೆಗೂ ನೆಮ್ಮದಿಯಾಯಿತು.

ಆದರೆ ಎಲ್ಲರಿಗೂ ಟೇಪು ಹಿಡಿಯುವುದು ಹೇಳಿದಷ್ಟು ಸಲೀಸಲ್ಲ. ಸಿನಿಮಾದಲ್ಲಿ ಮುಖ್ಯ ಎನ್ನುವವರೇ ಹದಿನಾಲ್ಕು ಜನ, ಬಂದು ನಿಂತ ಕೂಡಲೇ ಮಾತು ಶುರುಮಾಡುವ ವಾಚಾಳಿಗಳು. ಕಮಿಷನರಿಗೆ ಸಿಕ್ಕ ಸಂದಿ ಎರಡೂವರೆ ಸೆಕೆಂಡು. ಕೊಲೆಯಾದ ಹುಡುಗಿಯ ಅಣ್ಣ ಬಾಗಿಲು ತಟ್ಟುತ್ತಲೇ ಅಳತೊಡಗುತ್ತಾನೆ. ಅವನಿಗೆ ಒಂದೇ ಸೆಕೆಂಡು. ಜಾಗ ಬೇಕೆಂದರೆ ಬೇರೇನನ್ನೋ ಹೊರಗೆ ಹಾಕಬೇಕು. ರೇಡಿಯೋ ತಾನು ಪ್ರೀತಿಯಿಂದ ಬರೆದದ್ದನ್ನೆಲ್ಲ ಒಂದೊಂದಾಗಿ ಹೊಡೆದುಹಾಕಿದಳು. ಕಿಟಕಿಯ ಪರದೆ ಅಲುಗುವುದು ಹೋಯಿತು. ಸೇತುವೆಯ ಕೆಳಗಿನ ನೀರು ಹೋಯಿತು. ಮುಳುಗುವ ಸೂರ್ಯನ ಮೇಲೆ ಅವಳು ಎರಡು ದಿನ ಕೂತು ಕಟ್ಟಿದ್ದ ಒಂದು ಚಂದದ ಸಾಲಿತ್ತು. ಅದನ್ನು ಹೊಡೆಯುವಾಗ ನಿಜವಾಗಿಯೂ ಕಣ್ಣು ಒದ್ದೆಯಾಯಿತು. ಸೂರ್ಯ ಹೋದ ಜಾಗದಲ್ಲಿ ಕಮಿಷನರ್ ಬೆಳ್ಳಗೆ, ಸಣಕಲಾಗಿ, ಬೊಕ್ಕತಲೆಯವನಾಗಿ ಬಂದು ನಿಂತ. ಗಂಡ ಗೋಧಿ ಬಣ್ಣದವನಾದ, ಕುಳ್ಳನಾದ. ವಕೀಲನಿಗೆ ಉಳಿದವರಿಗೆ ಕೊಟ್ಟಷ್ಟೇ ಅಂಗಿ ಕೊಟ್ಟಳು, ಒಂದು ಗುಂಡಿಯೂ ಹೆಚ್ಚಿಲ್ಲ.

ಆಮೇಲೆ ಕನ್ನಡಿಯ ಮುಂದೆ ನಿಂತು ಆ ಮಾತುಗಳನ್ನು ಹೇಳಿ ಹೇಳಿ ಅಭ್ಯಾಸ ಮಾಡಿದಳು. ಕಪ್ಪು. ಬಿಳಿ. ದಪ್ಪ. ಸಣ್ಣ. ಅತ್ತೆ ಯಂತ್ರ ತುಳಿಯುತ್ತ, ಇಳೀತು ನೋಡು, ಈಗ ಸರಿ, ಮತ್ತೆ ಇಳೀತು ಎನ್ನುತ್ತಿದ್ದರು. ಸಂಜೆಯ ಹೊತ್ತಿಗೆ ಆ ಮಾತುಗಳು ಟೇಪಿನ ಅಂಕಿಗಳಂತೆ ಸರಾಗವಾಗಿ ಬಾಯಿಂದ ಬರತೊಡಗಿದವು.

ಶುಕ್ರವಾರ ಯಜಮಾನರೂ ಬಂದು ಕೂತರು. ಬೆಳ್ಳಗಿನ ಕಮಿಷನರ್ ಎಂದದ್ದು ಕೇಳಿ ಹುಬ್ಬು ಗಂಟಿಕ್ಕಿದರು. ಅದೇನು ವಿಚಿತ್ರ, ಕಮಿಷನರ್ ಬೆಳ್ಳಗಿದ್ದಾನೆ ಅಂತ ಯಾರಾದರೂ ಕೇಳುತ್ತಾರೆಯೇ ಎಂದರು. ನಾನು ಕೇಳುತ್ತಿದ್ದೇನೆ ಎಂದರು ಆಪರೇಟರಮ್ಮ. ಆಪರೇಟರಮ್ಮ ಕೊನೆಯವರೆಗೂ ಕೈ ಎತ್ತಲಿಲ್ಲ. ಕೊಲೆಗಾರ ಯಾರೆಂದು ತಮಗೆ ಗೊತ್ತಿದ್ದರೂ ನಡುವೆ ಒಂದು ಸಲ ಬೇರೆಯವನಿರಬಹುದೇ ಎಂದು ಅನುಮಾನ ಬಂತು ಎಂದರು. ಅವರಿಂದ ಇದಕ್ಕಿಂತ ದೊಡ್ಡ ಹೊಗಳಿಕೆ ಇನ್ನೊಂದಿಲ್ಲ. ಆದರೂ ಹೂಂ ಅನ್ನಲು ತಡಮಾಡಿದರು.

"ನನ್ನ ತಲೆಯೊಳಗಿನ ಆ ಹುಡುಗಿ ಇನ್ನೂ ಪೂರ್ತಿ ಎದ್ದು ಹೋಗಿಲ್ಲ. ಅರವತ್ತು ವರ್ಷದಿಂದ ಕೂತೋಳು. ನಾಳೆ ಅಲ್ಲಿ ನೂರ ಎಂಬತ್ತು ಜನ, ಎಲ್ಲರ ತಲೇಲೂ ಅವಳು ಇದ್ದಾಳೆ. ನೀನು ಎಬ್ಬಿಸ್ತೀಯೋ ಇಲ್ವೋ ಅಲ್ಲೇ ನೋಡೋಣ. ಹೂಂ."

ಶನಿವಾರ ಹನ್ನೊಂದಕ್ಕೆ ಸಭಾಂಗಣ ತುಂಬಿತ್ತು. ಮಡಚುವ ಕುರ್ಚಿಗಳು, ಕುರ್ಚಿಗಳ ಕೆಳಗೆ ಮಡಚಿಟ್ಟ ಕೋಲುಗಳು, ಎಲ್ಲರ ಒಂದು ಕಿವಿಯಲ್ಲಿ ಇಯರ್‌ಫೋನು. ಹಿಂದಿನ ಗೋಡೆಗೆ ಆನಿಸಿ ಪ್ಲೈವುಡ್ಡಿನ ಒಂದು ಗೂಡು ಕಟ್ಟಿದ್ದರು, ಅದಕ್ಕೊಂದು ಗಾಜಿನ ಕಿಟಕಿ. ಒಳಗೆ ರೇಡಿಯೋ, ಪಕ್ಕದಲ್ಲಿ ಸೌಂಡಣ್ಣ. ಇಷ್ಟು ದಿನ ಘನದನಿಯಿರುತ್ತಿದ್ದ ಜಾಗದಲ್ಲಿ ಹೆಣ್ಣು ದನಿ ಕೇಳಿದ ಕೂಡಲೇ ಸಾಲುಗಳಲ್ಲಿ ಗುಸುಗುಸು ಎದ್ದಿತು. ರೇಡಿಯೋ ಮೈಕಿಗೆ ಇನ್ನಷ್ಟು ಹತ್ತಿರ ಸರಿದಳು. ಮೊದಲ ಹೆಣ ಬಿದ್ದಿತು, ಅದನ್ನು ಸಣ್ಣ ದನಿಯಲ್ಲಿ, ನಿಧಾನವಾಗಿ ಹೇಳಿದಳು. ಗುಸುಗುಸು ನಿಂತಿತು. ಎರಡನೇ ಸಾಲಿನ ಮುದುಕರೊಬ್ಬರು ಪಕ್ಕದವರ ಕೈ ಹಿಡಿದುಕೊಂಡರು. ಹೆಣ್ಣು ದನಿಯಲ್ಲಿ ಬಿದ್ದ ಹೆಣಕ್ಕೂ ಜನ ಹೆದರುತ್ತಾರೆ ಎಂದು ಮುಂದಿನ ಸಾಲಿನಲ್ಲಿ ಕೂತಿದ್ದ ಯಜಮಾನರಿಗೆ ಆ ಕ್ಷಣಕ್ಕೆ ಗೊತ್ತಾಗಿರಬೇಕು.

ನಾಲ್ಕನೇ ನಿಮಿಷಕ್ಕೆ ನಾಯಕಿ ಜೀಪಿನಿಂದ ಇಳಿದಳು. ಐದು ಸೆಕೆಂಡಿನ ಸಂದಿ.

"ಇನ್ಸ್‌ಪೆಕ್ಟರ್. ಐವತ್ತು ದಾಟಿದವಳು. ಕಪ್ಪು, ದಪ್ಪ, ಅಗಲ ಹೆಗಲು. ನರೆತ ಜಡೆ."

ದನಿ ಇಳಿಯಲಿಲ್ಲ. ಆದರೆ ಮೂರನೇ ಸಾಲಿನಲ್ಲಿದ್ದ ಒಬ್ಬ ತೋರ ಮೈಯ ಹೆಂಗಸು ತಟ್ಟನೆ ಇಯರ್‌ಫೋನು ಕಿತ್ತುಕೊಂಡಳು. ಎದ್ದು ಹೋಗುತ್ತಾಳೆ, ದೂರು ಕೊಡುತ್ತಾಳೆ, ಎಲ್ಲ ಮುಗಿಯಿತು ಎಂದುಕೊಂಡಳು ರೇಡಿಯೋ. ಹೆಂಗಸು ಇಯರ್‌ಫೋನನ್ನು ಒರೆಸಿ ಇನ್ನೊಂದು ಕಿವಿಗೆ ಹಾಕಿಕೊಂಡು, ಕುರ್ಚಿಯ ಅಂಚಿಗೆ ಸರಿದು ಮುಂದಕ್ಕೆ ಬಾಗಿ ಕೂತಳು. ಆ ಕಿವಿ ಚೆನ್ನಾಗಿ ಕೇಳಿಸುತ್ತದೆ ಎಂದು ಕಾಣುತ್ತದೆ.

ಎರಡು ಗಂಟೆ ಹೇಗೆ ಹೋಯಿತೋ. ಇನ್ಸ್‌ಪೆಕ್ಟರ್ ಮೆಟ್ಟಿಲು ಹತ್ತಿ ಏದುಸಿರು ಬಿಟ್ಟಾಗ ಸಭಾಂಗಣ ತನ್ನದೇ ಮಂಡಿ ನೋಯುವಂತೆ ಅಯ್ಯೋ ಎಂದಿತು. ಕಡತದವನು ಗಾಲಿಕುರ್ಚಿ ಗರ್ರನೆ ತಿರುಗಿಸಿ ಸುಳಿವು ಕಂಡುಹಿಡಿದಾಗ ಶಿಳ್ಳೆ ಬಿತ್ತು. ವಕೀಲನ ಮೇಲೆ ಒಬ್ಬರಿಗೂ ಗುಮಾನಿ ಬರಲಿಲ್ಲ. ಗುಟ್ಟು ಬಯಲಾದಾಗ ನೂರ ಎಂಬತ್ತು ಜನರೂ ಒಟ್ಟಿಗೆ ಉಸಿರೆಳೆದುಕೊಂಡ ಸದ್ದು ಗಾಜು ದಾಟಿ ಬಂತು.

ವಕೀಲ ಓಡಿದ. ಬಾಗಿಲು ತೆರೆಯಿತು. ಭಾರದ ಬೂಟುಗಳು ಬಂದವು, ನಿಂತವು.

ಅಲ್ಲಿಗೆ ಮುನ್ನೂರ ಹನ್ನೆರಡನೇ ಸಾಲು, ನಾಲ್ಕು ಸೆಕೆಂಡು. ಇನ್ಸ್‌ಪೆಕ್ಟರ್ ಬಾಗಿಲ ತುಂಬ ನಿಂತಿದ್ದಾಳೆ, ನುಸುಳಲು ಜಾಗವಿಲ್ಲ ಎಂದು ಹಾಳೆಯಲ್ಲಿತ್ತು. ಈ ಸಾಲು ನಿಲ್ಲಲೆಂದೇ ಅವಳು ಎಲ್ಲರಿಗೂ ಟೇಪು ಹಿಡಿದಿದ್ದಳು, ಸೂರ್ಯನನ್ನೂ ಬಿಟ್ಟುಕೊಟ್ಟಿದ್ದಳು. ರೇಡಿಯೋ ಉಸಿರೆಳೆದು ಬಾಯಿ ತೆರೆದಳು.

ಅಷ್ಟರಲ್ಲಿ ಸಭಾಂಗಣ ನಗತೊಡಗಿತು. ಧಡ್ ಎಂಬ ಸದ್ದು ಇನ್ನೂ ಬಂದಿರಲಿಲ್ಲ, ಅವಳು ಇನ್ನೂ ಒಂದಕ್ಷರ ಆಡಿರಲಿಲ್ಲ. ಬೂಟು ನಿಂತ ಸದ್ದಿಗೇ ನಗು ಮೊದಲ ಸಾಲಿನಿಂದ ಹಿಂದಿನ ಸಾಲಿಗೆ ಹರಿದು ಬಂತು, ಚಪ್ಪಾಳೆ ಎದ್ದಿತು. ಇನ್ನೆಲ್ಲಿಗೆ ಹೋಗ್ತಾನೆ ನೋಡೋಣ ಎಂದು ಯಾರೋ ಜೋರಾಗಿ ಕೂಗಿದರು. ಮೂರನೇ ಸಾಲಿನ ಆ ಹೆಂಗಸು ಎರಡು ಕೈಯನ್ನೂ ಅಗಲಕ್ಕೆ ಚಾಚಿ ಅಕ್ಕಪಕ್ಕದವರನ್ನು ಒತ್ತಿ ಕೂತಿದ್ದಳು. ಸೌಂಡಣ್ಣ ಹಾಳೆಯ ಮೇಲೆ ಬೆರಳಿಟ್ಟು ತಟ್ಟಿದ. ರೇಡಿಯೋ ತಲೆಯಲ್ಲಾಡಿಸಿ ಬಾಯಿ ಮುಚ್ಚಿದಳು. ಕಣ್ಣಲ್ಲಿ ನೀರು ತುಂಬಿ ತೆರೆಯ ಮೇಲಿನ ಬಾಗಿಲು ಅವಳಿಗೇ ಮಸುಕಾಗಿತ್ತು. ಅವಳು ಜೀವನದಲ್ಲಿ ಅಷ್ಟು ಖುಷಿಯಿಂದ ಸುಮ್ಮನಿದ್ದದ್ದು ಅದೇ ಮೊದಲು.

ಸಿನಿಮಾ ಮುಗಿದು ಕುರ್ಚಿ ಸರಿಸುವ ಗದ್ದಲದಲ್ಲಿ ಯಜಮಾನರು ಹಾಳೆಗಳ ಕಟ್ಟು ಹಿಡಿದು ಗೂಡಿನ ಬಳಿ ಬಂದರು. ಒಂದೊಂದು ಸಾಲಿಗೂ ಗುರುತು ಹಾಕುತ್ತ ಕೇಳಿದ್ದರಂತೆ. ಎಲ್ಲ ಚೆನ್ನಾಗಿತ್ತು, ಮುಂದಿನ ಕೊಲೆ ಸಿನಿಮಾವನ್ನೂ ಕೊಡಲು ಅಡ್ಡಿಯಿಲ್ಲ, ಆದರೆ ಮುನ್ನೂರ ಹನ್ನೆರಡು, ಅಷ್ಟು ಮುಖ್ಯವಾದ ಸಾಲು, ಬಿಟ್ಟುಹೋಯಿತಲ್ಲ ಎಂದರು. ಅಷ್ಟರಲ್ಲಿ ಕೋಲೂರಿಕೊಂಡು ಬಂದ ಆಪರೇಟರಮ್ಮ ಗೂಡಿನ ಬಾಗಿಲಿಗೆ ಬಂದು ನಿಂತರು.

"ಬಿಟ್ಟುಹೋಗಿಲ್ಲ ಸ್ವಾಮಿ," ಎಂದರು. "ಅವಳು ಹೇಳೋಷ್ಟರಲ್ಲಿ ನಾವೇ ನೋಡಿಬಿಟ್ಟಿದ್ವಿ."